ಮಾವಳಂಕರ್ ಆಡಿ ಬಂದವರು

ಪಿಸ್ತೂಲು ಹಿಡಿಯಲು ಕಲಿತು ಒಂದೆರಡು ವರ್ಷವಾದ ಹುಡುಗ ಹುಡುಗಿಯರಿಗೆ ಶೂಟಿಂಗ್ ರೇಂಜಿನಲ್ಲಿ ಎದುರಾಗುವ ಮಾಮೂಲಿ ಪ್ರಶ್ನೆ ಒಂದಿದೆ: ‘ಮಾವಳಂಕರ್ ಆಡಿದ್ದೀಯಾ?’ ಬೆಂಗಳೂರಾಗಲಿ ಸೂರತ್ತಾಗಲಿ, ಆ ವಲಯದಲ್ಲಿ ಮಾವಳಂಕರ್ ಎಂದರೆ ಒಂದು ಪಂದ್ಯ. ಅಖಿಲ ಭಾರತ ಜಿ.ವಿ. ಮಾವಳಂಕರ್ ಶೂಟಿಂಗ್ ಚಾಂಪಿಯನ್‌ಷಿಪ್ ಎಂಬುದು ಅದರ ಪೂರ್ತಿ ಹೆಸರು. ಅಲ್ಲಿ ನಿಗದಿಪಡಿಸಿದ ಅಂಕ ದಾಟಿದವರಿಗೆ ರಾಷ್ಟ್ರೀಯ ಪಂದ್ಯದ ಬಾಗಿಲು ತೆರೆಯುತ್ತದೆ. ಅಂಕಪಟ್ಟಿಯಲ್ಲಿ ಆ ಹೆಸರನ್ನು ದಿನವೂ ನೋಡುವ ಎಷ್ಟೋ ಮಂದಿಗೆ, ಅದು ಲೋಕಸಭೆಯ ಮೊದಲ ಸ್ಪೀಕರ್ ಗಣೇಶ ವಾಸುದೇವ ಮಾವಳಂಕರ್ ಅವರ ಹೆಸರು ಎಂಬುದು ಹೊಳೆದಿರುವುದಿಲ್ಲ. ಖಾದಿ ತೊಟ್ಟು, ಗಾಂಧೀಜಿಯ ಹಿಂದೆ ನಡೆದು, ಜೈಲು ಕಂಡ ವಕೀಲರಿಗೂ ಬಂದೂಕಿಗೂ ಎಲ್ಲಿಯ ನಂಟು?

ನಂಟಿದೆ. ಅದರ ಕತೆ ವಡೋದರಾ, ಸೂರತ್ ಮತ್ತು ಅಹಮದಾಬಾದುಗಳನ್ನು ಸುತ್ತಿ ಬರುತ್ತದೆ.

ಮಾವಳಂಕರ್ ಹುಟ್ಟಿದ್ದು 1888ರ ನವೆಂಬರ್ 27ರಂದು, ಬರೋಡಾದಲ್ಲಿ, ಅಂದರೆ ಇಂದಿನ ವಡೋದರಾದಲ್ಲಿ. ಮನೆತನದ ಮೂಲ ರತ್ನಾಗಿರಿ ಸೀಮೆ. ಬರೋಡಾ ಆಗ ಗಾಯಕವಾಡರ ರಾಜಧಾನಿ. ಅವರು ಹುಟ್ಟುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು ಅಲ್ಲಿನ ಮಹಾರಾಜ ಖಂಡೇರಾವ್ ಬೆಳ್ಳಿಯ ಫಿರಂಗಿ ಮಾಡಿಸಿದ್ದ. ಅವನ ನಂತರ ಪಟ್ಟಕ್ಕೆ ಬಂದ ತಮ್ಮ ಮಲ್ಹಾರರಾವ್ ಅಣ್ಣನನ್ನು ಮೀರಿಸಬೇಕೆಂದು ಬಂಗಾರದ ಫಿರಂಗಿಯನ್ನೇ ಎರಕ ಹೊಯ್ಯಿಸಿದ. ಸಿಂಗರಿಸಿದ ಎತ್ತುಗಳು ಅದನ್ನು ಮೆರವಣಿಗೆಯಲ್ಲಿ ಎಳೆಯುತ್ತಿದ್ದವು. ಶತ್ರುವಿನ ಮೇಲೆ ಹಾರಿಸಲಿಕ್ಕಲ್ಲ, ಊರಿನ ಕಣ್ಣು ಕುಕ್ಕಲಿಕ್ಕೆ ಮಾಡಿಸಿದ ಆಯುಧ ಅದು. 1875ರಲ್ಲಿ ಬ್ರಿಟಿಷರು ಮಲ್ಹಾರರಾವ್‌ನನ್ನು ಗದ್ದುಗೆಯಿಂದ ಇಳಿಸಿದರು.

ರಾಜರ ಕೈಯಲ್ಲಿ ಬಂಗಾರದ ಫಿರಂಗಿ ಇದ್ದ ಅದೇ ಕಾಲದಲ್ಲಿ ಪ್ರಜೆಗಳ ಕೈ ಬರಿದಾಗುತ್ತಿತ್ತು. 1857ರ ದಂಗೆಯ ಕಿಡಿ ಹೊತ್ತಿಕೊಂಡದ್ದೇ ಗುರಿ ಕಲಿಸುವ ಜಾಗಗಳಲ್ಲಿ: ಹೊಸ ಎನ್‌ಫೀಲ್ಡ್ ರೈಫಲಿನ ತರಬೇತಿಗೆಂದು ಡಂಡಂ, ಅಂಬಾಲಾ, ಸಿಯಾಲ್‌ಕೋಟ್‌ಗಳಲ್ಲಿ ತೆರೆದ ಡಿಪೋಗಳಲ್ಲಿ ಕೊಬ್ಬು ಸವರಿದ ತೋಟಾದ ಸುದ್ದಿ ಹಬ್ಬಿತ್ತು. ದಂಗೆಯಿಂದ ಬೆಚ್ಚಿದ ಸರ್ಕಾರ ಜನರ ಆಯುಧ ಕಸಿಯಲು ಹೊರಟಿತು. ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಅದೇ 1857ರ ಕೊನೆಯಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ತಿರುಗಿಬಿದ್ದು, ಊರೇ ಸುಟ್ಟುಹೋದದ್ದು ನಮ್ಮ ಲಾವಣಿಗಳಲ್ಲಿ ಇವತ್ತಿಗೂ ಇದೆ. ಗುಜರಾತಿನಲ್ಲೂ ಮನೆಮನೆಯ ಕತ್ತಿ, ಕೋವಿಗಳನ್ನು ಕಸಿದುಕೊಂಡರು. 1878ರಲ್ಲಿ ಆಯುಧ ಕಾಯಿದೆ ಬಂದ ಮೇಲಂತೂ ಭಾರತೀಯನಿಗೆ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧವಾಯಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಸಿಕ್ಕ ವಿನಾಯಿತಿ ಇಡೀ ದೇಶದಲ್ಲೇ ಅಪರೂಪದ್ದು. ಹಾಗಾಗಿಯೇ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವ ಪದ್ಧತಿ ಕೊಡಗಿನಲ್ಲಿ ಉಳಿಯಿತು. ಗುಜರಾತಿನ ಪಟ್ಟಣಗಳಿಗೆ ಆ ಅದೃಷ್ಟ ಇರಲಿಲ್ಲ.

ಹಾಗೆಂದು ಅಲ್ಲಿ ಗುಂಡಿನ ಸದ್ದೇ ಕೇಳುತ್ತಿರಲಿಲ್ಲ ಎಂದಲ್ಲ. ಸೂರತ್, ಬರೋಡಾ, ಅಹಮದಾಬಾದ್ ಮೂರನ್ನೂ ಪೋಣಿಸಿದ ಬಿಬಿಸಿಐ (ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ) ರೈಲ್ವೆ ತನ್ನ ಬಿಳಿಯ ಮತ್ತು ಆಂಗ್ಲೋ-ಇಂಡಿಯನ್ ನೌಕರರಿಗೆಂದು ವಾಲಂಟಿಯರ್ ರೈಫಲ್ ದಳ ಕಟ್ಟಿತ್ತು. ಅವರಿಗೆ ಗುರಿ ಅಭ್ಯಾಸ, ಸಮವಸ್ತ್ರ, ಸ್ಪರ್ಧೆ ಎಲ್ಲ ಇತ್ತು. ಅದೇ ರೈಲ್ವೆಯಲ್ಲಿ ಹಳಿ ಕಾಯುವವನಿಗೆ ಆ ದಳದಲ್ಲಿ ಜಾಗವಿರಲಿಲ್ಲ.

ಅದೇ ಹಳಿಯ ಮೇಲೆ, ಅಹಮದಾಬಾದಿಗೂ ಬರೋಡಾಕ್ಕೂ ನಡುವೆ ನಡಿಯಾದ್ ಇದೆ. 1918ರಲ್ಲಿ ಗಾಂಧೀಜಿ ಅಲ್ಲಿ ಬೀಡುಬಿಟ್ಟು ಖೇಡಾ ಜಿಲ್ಲೆಯ ಹಳ್ಳಿಹಳ್ಳಿ ನಡೆದರು. ಕಂದಾಯ ಸತ್ಯಾಗ್ರಹ ಮುಗಿದ ಬೆನ್ನಿಗೇ ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸುವ ಕೆಲಸ ಅದು. ಜನ ಬರಲಿಲ್ಲ. ಆಗ ಹಂಚಿದ ಕರಪತ್ರದಲ್ಲಿ ಗಾಂಧೀಜಿ, ಇಡೀ ದೇಶವನ್ನು ನಿರಾಯುಧಗೊಳಿಸಿದ ಕಾಯಿದೆಯನ್ನು ಬ್ರಿಟಿಷ್ ಆಡಳಿತದ ಅತ್ಯಂತ ಕರಾಳ ಕೃತ್ಯವಾಗಿ ಚರಿತ್ರೆ ಕಾಣುತ್ತದೆ ಎಂಬ ಅರ್ಥದ ಮಾತು ಬರೆದರು. ಅಹಿಂಸೆಯ ಪ್ರವಾದಿ ಹೀಗೆ ಬರೆದದ್ದು ಇಂದಿಗೂ ಕೆಲವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾವಳಂಕರ್ ಅದನ್ನೆಲ್ಲ ಹತ್ತಿರದಿಂದ ಕಂಡವರು. 1913ರಿಂದ ಅಹಮದಾಬಾದಿನಲ್ಲಿ ವಕೀಲಿ ಮಾಡುತ್ತಿದ್ದ ಅವರು ಗುಜರಾತ್ ಸಭಾದ ಕಾರ್ಯದರ್ಶಿಯಾಗಿದ್ದರು, ಖೇಡಾ ಹೋರಾಟದಲ್ಲಿ ದುಡಿದಿದ್ದರು.

ಮುಂದೆ ಅವರು ಅಹಮದಾಬಾದ್ ಮುನಿಸಿಪಾಲಿಟಿಯ ಅಧ್ಯಕ್ಷರಾದರು. 1937ರಲ್ಲಿ ಮುಂಬಯಿ ವಿಧಾನಸಭೆಯ ಸ್ಪೀಕರ್ ಆದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಸದಸ್ಯರೂ ಅವರ ಎದುರೇ ಕೂತು ವಾದಿಸಿದವರು. ಜೈಲಿನಲ್ಲಿ ಕಂಡ ಕೈದಿಗಳ ಕತೆಗಳನ್ನು ‘ಮಾನವತಾನಾ ಝರಣಾ’ ಎಂಬ ಗುಜರಾತಿ ಪುಸ್ತಕದಲ್ಲಿ ಬರೆದರು. ಇಂಥ ಮನುಷ್ಯ 1951ರಲ್ಲಿ ಭಾರತೀಯ ರಾಷ್ಟ್ರೀಯ ರೈಫಲ್ ಸಂಘ ಕಟ್ಟಲು ಮುಂದಾದರು, ಅದರ ಮೊದಲ ಅಧ್ಯಕ್ಷರೂ ಆದರು. ಆಯುಧ ಹಿಡಿಯುವುದೇ ತಪ್ಪೆಂದು ಎಪ್ಪತ್ತು ವರ್ಷ ಕೇಳಿಸಿಕೊಂಡ ಜನಕ್ಕೆ ಕ್ರಮವಾಗಿ, ಕಾನೂನಿನೊಳಗೆ, ಆಟವಾಗಿ ಗುರಿ ಕಲಿಸುವ ಹಂಬಲ ಅದರಲ್ಲಿತ್ತು ಎಂದು ಊಹಿಸಿದರೆ ತಪ್ಪಾಗಲಾರದು.

ಆದರೆ ಸಂಘ ಹುಟ್ಟಿದ ಮಾತ್ರಕ್ಕೆ ತೋಟಾ ಅಗ್ಗವಾಗುವುದಿಲ್ಲವಲ್ಲ. ಮೊದಲ ದಶಕಗಳಲ್ಲಿ ದೇಶದ ಗುರಿಕಾರರಲ್ಲಿ ಎದ್ದು ಕಂಡವರು ರಾಜಮನೆತನದವರು, ಶಿಕಾರಿಯಲ್ಲಿ ಕೈ ಪಳಗಿದವರು. 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಕರ್ಣಿ ಸಿಂಗ್ ಬಿಕಾನೇರದ ಮಹಾರಾಜ. ಮಧ್ಯಮ ವರ್ಗದ ಹುಡುಗನಿಗೆ ಇದ್ದ ದಾರಿ ಎರಡು. ಒಂದು, 1948ರ ಕಾಯಿದೆಯಿಂದ ಬಂದ ಎನ್‌ಸಿಸಿ: ಕಾಲೇಜಿನ ಕೆಡೆಟ್‌ಗೆ ಸರ್ಕಾರಿ ಖರ್ಚಿನಲ್ಲಿ .22 ರೈಫಲು ಮತ್ತು ಎಣಿಸಿ ಕೊಟ್ಟ ಐದಾರು ಗುಂಡು. ಇನ್ನೊಂದು, ಊರಿನ ರೈಫಲ್ ಕ್ಲಬ್ಬು. ಅಹಮದಾಬಾದಿನಲ್ಲಿ ಅದು ಹಳೆಯ ಕೋಟೆಯೊಳಗಿನ ಖಾನ್‌ಪುರದಲ್ಲಿದೆ, ಸಾಬರಮತಿಯ ದಂಡೆಗೆ ಹತ್ತಿರ. ಕ್ಲಬ್ಬಿನ ಆಯುಧವನ್ನು ಸರದಿಯಲ್ಲಿ ಹಂಚಿಕೊಳ್ಳುವ, ತೋಟಾ ಎಣಿಸಿ ಪಡೆದು ಖಾಲಿ ಕೋಶ ಎಣಿಸಿ ಮರಳಿಸುವ ಶಿಸ್ತು ಬೆಳೆದದ್ದು ಇಂಥ ಜಾಗಗಳಲ್ಲೇ. ಆನಂದ್ ಕಡೆಯ ಲಜ್ಜಾ ಗೋಸ್ವಾಮಿ ಎನ್‌ಸಿಸಿಯ ದಾರಿ ಹಿಡಿದು ಬಂದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದರು.

ಆಟದ ಖರ್ಚು ನಿಜಕ್ಕೂ ಹಗುರಾದದ್ದು ಗಾಳಿಯಿಂದ. ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ಫೈನ್‌ವರ್ಕ್‌ಬೌ ಕಂಪನಿ 1965ರಲ್ಲಿ ತಂದ ಮಾಡೆಲ್ 65 ಏರ್ ಪಿಸ್ತೂಲು ಸ್ಪ್ರಿಂಗಿನ ಬಲದಿಂದ ಹಾರಿಸಿದರೂ ಕೈಗೆ ಒದೆತ ಕೊಡುತ್ತಿರಲಿಲ್ಲ. ಮುಂದೆ ಸಂಕುಚಿತ ಗಾಳಿಯ ಸಿಲಿಂಡರು ಬಂತು. 10 ಮೀಟರ್ ಏರ್ ಪಿಸ್ತೂಲು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಯಿತು. ಭಾರತದ ಮಟ್ಟಿಗೆ ಏರ್ ಪಿಸ್ತೂಲು ದೊಡ್ಡ ತಿರುವು. 2016ರ ಆಯುಧ ನಿಯಮಗಳ ಪ್ರಕಾರ 20 ಜೌಲ್‌ಗಿಂತ ಕಡಿಮೆ ಶಕ್ತಿಯ, .177 ಇಂಚಿನ ಏರ್ ಪಿಸ್ತೂಲಿಗೆ ಪರವಾನಗಿಯೇ ಬೇಡ. ಅರ್ಧ ಗ್ರಾಂ ತೂಗುವ ಸೀಸದ ಪೆಲೆಟ್‌ನ ಐನೂರರ ಡಬ್ಬಿ, ಒಂದು ಹಿಡಿ ತೋಟಾಕ್ಕಿಂತ ಎಷ್ಟೋ ಸೋವಿ. ಬಯಲು ಬೇಡ, ಹತ್ತು ಮೀಟರ್ ಉದ್ದದ ಹಜಾರ ಸಾಕು. ಪಿಸ್ತೂಲು ಮಾತ್ರ ಅಗ್ಗವಲ್ಲ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಯಿಂದ ಬರುವ ಸ್ಪರ್ಧೆಯ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಮೊದಲ ವರ್ಷ ಅದನ್ನು ಕೊಳ್ಳುವುದು ದುಡುಕು. ಕ್ಲಬ್ಬಿನ ಪಿಸ್ತೂಲನ್ನೇ ಸರದಿಯಲ್ಲಿ ಹಿಡಿದು, ಕೈಗೆ ಯಾವ ಹಿಡಿ ಹೊಂದುತ್ತದೆಂದು ತಿಳಿದ ಮೇಲೆ ಕೊಂಡವರೇ ಜಾಣರು.

ಗುರಿಯ ಕಾರ್ಡನ್ನು ಹತ್ತಿರದಿಂದ ನೋಡಿದರೆ ಈ ಆಟದ ಬಿಗಿ ತಿಳಿಯುತ್ತದೆ. ಹದಿನೇಳು ಸೆಂಟಿಮೀಟರ್ ಚೌಕದ ಕಾಗದ, ನಡುವೆ 59.5 ಮಿಲಿಮೀಟರ್ ಅಗಲದ ಕಪ್ಪು. ಅದರೊಳಗಿನ ಹತ್ತರ ವೃತ್ತ 11.5 ಮಿಲಿಮೀಟರ್, ಅಂದರೆ ಅಂಗಿಯ ಒಂದು ಗುಂಡಿಯಷ್ಟು. ನಿಂತು, ಒಂದೇ ಕೈಯಲ್ಲಿ, ಹೆಚ್ಚುಕಡಿಮೆ ಒಂದು ಕಿಲೋ ತೂಕ ಹಿಡಿದು, ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಸಲ ಅದಕ್ಕೆ ಹೊಡೆಯಬೇಕು. ಟ್ರಿಗರಿನ ಮೇಲೆ ಕನಿಷ್ಠ 500 ಗ್ರಾಂ ಒತ್ತಡ ಬೀಳಲೇಬೇಕು. ಚಪ್ಪಟೆ ಮೂತಿಯ ಪೆಲೆಟ್ ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ಜಗಳವಾಗದಿರಲೆಂದು.

ಇಲ್ಲಿ ಸುಳ್ಳು ಹೇಳುವುದು ಕಣ್ಣಲ್ಲ, ಬೆರಳು. ಹೊಸಬರ ತೋರುಬೆರಳು ಗುಂಡು ಹಾರುವ ಹೊತ್ತಿಗೆ ಟ್ರಿಗರನ್ನು ಕಿತ್ತೆಳೆಯುತ್ತದೆ, ಮೂತಿ ಕೆಳಕ್ಕೆ ಇಳಿಯುತ್ತದೆ. ಪೆಲೆಟ್ ಸುರಿದರೆ ಇದು ಸರಿಹೋಗುವುದಿಲ್ಲ, ತಪ್ಪೇ ರೂಢಿಯಾಗುತ್ತದೆ. ಮದ್ದು: ಡ್ರೈ ಫೈರಿಂಗ್. ಪೆಲೆಟ್ ಇಲ್ಲದೆ, ಗಾಳಿ ಬಿಡದೆ, ಬರೀ ಬಿಳಿ ಗೋಡೆಗೆ ಎದುರಾಗಿ ನಿಂತು ಟ್ರಿಗರ್ ಒತ್ತುವುದು. ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ಕಪ್ಪು ವೃತ್ತ ಇಲ್ಲದ್ದರಿಂದ ಕಣ್ಣು ಮುಂದಿನ ಸೈಟಿನ ಮೇಲೆ ನೆಲೆಸುತ್ತದೆ. ‘ಟಿಕ್’ ಎಂದಾಗ ಆ ಸೈಟು ಅಲುಗಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮೂತಿಯ ಸಮತಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಅದು ಬೀಳದಂತೆ ಒತ್ತುವುದು ಹಳೆಯ ವರಸೆ. ಖರ್ಚು ಆ ಒಂದು ರೂಪಾಯಿಯೂ ಅಲ್ಲ.

ಇದೇನೂ ಇತ್ತೀಚಿನ ಜಾಣತನವಲ್ಲ. 1853ರಲ್ಲಿ ಇಂಗ್ಲೆಂಡಿನ ಹೈತ್‌ನಲ್ಲಿ ಶುರುವಾದ ಬ್ರಿಟಿಷ್ ಸೇನೆಯ ಮಸ್ಕೆಟ್ರಿ ಶಾಲೆಯಲ್ಲಿ ಸಿಪಾಯಿಗೆ ಗುಂಡು ಕೊಡುವ ಮೊದಲು ಮರಳುಚೀಲದ ಮೇಲೆ ಬಂದೂಕಿಟ್ಟು ಗುರಿ ನೋಡಿಸುತ್ತಿದ್ದರು, ನಿಲುವಿನ ಕವಾಯತು ಮಾಡಿಸುತ್ತಿದ್ದರು, ಬರೀ ಕೇಪು ಸಿಡಿಸುತ್ತಿದ್ದರು. ಸಾಮ್ರಾಜ್ಯಕ್ಕೂ ತೋಟಾದ ಖರ್ಚು ಕಣ್ಣಿಗೆ ಕಾಣುತ್ತಿತ್ತು! ಇವತ್ತಿನ ಕೋಚ್‌ಗಳು ‘ಹೋಲ್ಡಿಂಗ್’ ಎಂದು ಕರೆಯುವುದೂ ಅದೇ ವಂಶದ್ದು: ಪಿಸ್ತೂಲು ಎತ್ತಿ, ಹೊಡೆಯದೆ, ಕೈ ನಡುಗುವ ಮೊದಲೇ ಇಳಿಸುವುದು. ಸ್ವಂತ ಪಿಸ್ತೂಲಿಲ್ಲದವರು ಮನೆಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ನಿಲ್ಲಬಹುದು. ರೇಂಜಿಗೆ ಹೋದ ದಿನ ಕಾರ್ಡನ್ನು ತಿರುಗಿಸಿ ಬಿಳಿ ಬೆನ್ನಿಗೆ ಹತ್ತು ಪೆಲೆಟ್ ಹೊಡೆದು ನೋಡಬೇಕು. ಹತ್ತೂ ಒಂದೆಡೆ ಗುಂಪಾದರೆ ಕೈ ಸರಿಯಿದೆ. ಗುಂಪು ಎಲ್ಲಿದೆ ಎಂಬುದು ಸೈಟಿನ ತಿರುಪಿನ ಕೆಲಸ. ಹೊಡೆದ ಮೇಲೂ ಒಂದೆರಡು ಕ್ಷಣ ಕೈ ಇಳಿಸಬಾರದು. ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಇನ್ನು ಬೆರಳು ಟ್ರಿಗರಿನಿಂದ ಹೊರಗಿರುವುದು, ಮೂತಿ ಸದಾ ಗುರಿಯ ಕಡೆಗಿರುವುದು, ಹೊಡೆಯದಿರುವಾಗ ನಳಿಕೆಯಲ್ಲಿ ಬಣ್ಣದ ಸೇಫ್ಟಿ ಫ್ಲ್ಯಾಗ್ ತೂರಿಸಿಡುವುದು, ಇವುಗಳಲ್ಲಿ ಚೌಕಾಸಿ ಇಲ್ಲ.

ಮೊದಲಿನಿಂದ ಮತ್ತೆ ಕಲಿತು ಗೆದ್ದವರೂ ಈ ಆಟದಲ್ಲಿದ್ದಾರೆ. ಹಂಗೇರಿಯ ಕಾರೊಲಿ ಟಕಾಚ್ ಎಂಬ ಸೈನಿಕನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಅವನು ಗುಟ್ಟಾಗಿ ಎಡಗೈಯಲ್ಲಿ ಮೊದಲಿನಿಂದ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಪಿಸ್ತೂಲಿನ ಚಿನ್ನ ಗೆದ್ದ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದೂ ಮರಳಿ ಕಟ್ಟಿಕೊಂಡ ಕತೆಯೇ. ತಂದೆ ಪಾಪಣ್ಣ ಕೂಡ ಶೂಟರ್. ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಪ್ರಕಾಶ್ 2013ರಲ್ಲಿ ಚಾಂಗ್‌ವೊನ್ ವಿಶ್ವಕಪ್‌ನ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖದ ಪಾರ್ಶ್ವವಾಯು ಬಡಿಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದರು.

2022ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಗುಜರಾತಿಗೆ ಬಂದಾಗ ಸೂರತ್, ವಡೋದರಾಗಳಿಗೆ ಬೇರೆ ಆಟಗಳು ಹಂಚಿಹೋದವು. ಶೂಟಿಂಗ್ ಉಳಿದದ್ದು ಅಹಮದಾಬಾದಿಗೆ. ಅಲ್ಲಿ ಏರ್ ರೈಫಲ್ ಚಿನ್ನ ಗೆದ್ದ ಇಳವೇನಿಲ್ ವಾಲರಿವನ್ ಹುಟ್ಟಿದ್ದು ತಮಿಳುನಾಡಿನ ಕಡಲೂರಿನಲ್ಲಿ, ಬೆಳೆದದ್ದು ಅಹಮದಾಬಾದಿನಲ್ಲಿ. ಮಾವಳಂಕರ್ 1956ರ ಫೆಬ್ರವರಿ 27ರಂದು ಅದೇ ಊರಿನಲ್ಲಿ ತೀರಿಕೊಂಡಾಗ ಏರ್ ಪಿಸ್ತೂಲೆಂಬ ಒಲಿಂಪಿಕ್ ಸ್ಪರ್ಧೆಯೇ ಇರಲಿಲ್ಲ. ಈಗ ಅವರ ಹೆಸರಿನ ಪಂದ್ಯದಲ್ಲಿ ಏರ್ ಪಿಸ್ತೂಲಿನ ಸರದಿಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದರ ಬೆನ್ನಿಗೊಂದು ನಡೆಯುತ್ತವೆ. ಸಾಲಿನಲ್ಲಿ ನಿಂತವರಲ್ಲಿ ಸಾಲದ ಪಿಸ್ತೂಲು ಹಿಡಿದವರೂ ಇರುತ್ತಾರೆ.