ನಾಯಿ ಮಾಡಿದ ಪಾಪ ಯಾರ ಲೆಕ್ಕಕ್ಕೆ?

ಚಿಕ್ಕಜಾಜೂರು ದೊಡ್ಡ ಊರೇನಲ್ಲ. ಆದರೂ ಬೆಂಗಳೂರು–ಹುಬ್ಬಳ್ಳಿ ರೈಲಿನಲ್ಲಿ ಓಡಾಡಿದವರಿಗೆ ಅದರ ಹೆಸರು ಹೊಸದಲ್ಲ. ಚಿತ್ರದುರ್ಗದ ಕಡೆಗೆ ಹೋಗುವ ಹಳಿ ಕವಲೊಡೆಯುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಈ ಜಂಕ್ಷನ್ನಿನ ಬಗ್ಗೆ ಒಂದು ಪುಟ್ಟ ಚಿತ್ರ ಮಾಡಲು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಹಳೆಯ ರೈಲುಗಳ ನೆನಪುಳ್ಳ ಹಿರಿಯರೊಬ್ಬರು ಊರಾಚೆ ಅಡಿಕೆ ತೋಟದ ಮನೆಯಲ್ಲಿದ್ದಾರೆಂದು ಯಾರೋ ಹೇಳಿದರು. ಸಂಜೆಯ ಬೆಳಕು ಮುಗಿಯುವ ಮುನ್ನ ಅವರನ್ನು ಮಾತನಾಡಿಸೋಣವೆಂದು ಅವಸರದಿಂದ ಹೊರಟೆವು.

ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಎಂಬ ತಗಡಿನ ಫಲಕವಿತ್ತು. ಒಳಗಿನಿಂದ ಯಜಮಾನರ ದನಿಯೂ ಬಂತು: "ಏನೂ ಮಾಡಲ್ಲ, ಬರ್ರಿ ಸಾರ್." ನಾವು ಫಲಕವನ್ನು ಬಿಟ್ಟು ದನಿಯನ್ನು ನಂಬಿದೆವು. ಕ್ಯಾಮೆರಾದ ಮುಕ್ಕಾಲಿಯನ್ನು ಹೆಗಲ ಮೇಲಿಟ್ಟುಕೊಂಡಿದ್ದ ನಮ್ಮ ಸಹಾಯಕ ಎರಡು ಹೆಜ್ಜೆ ಒಳಗಿಟ್ಟಿರಬಹುದು. ನಾಯಿಯ ಕಣ್ಣಿಗೆ ಅದು ದೊಣ್ಣೆಯಂತೆ ಕಂಡಿತೋ ಏನೋ, ಬೊಗಳದೆಯೇ ಬಂದು ಮೀನಖಂಡಕ್ಕೆ ಬಾಯಿ ಹಾಕಿತು.

ಮನೆಯವರು ಗಾಬರಿಯಾಗಿ ಸುಣ್ಣ ತಂದರು. ನಾನು ವಿಜ್ಞಾನ ಓದಿದವನು. ಆ ಓದು ಬದುಕಿನಲ್ಲಿ ನೇರವಾಗಿ ಉಪಯೋಗಕ್ಕೆ ಬಂದ ಕೆಲವೇ ಗಳಿಗೆಗಳಲ್ಲಿ ಅದೂ ಒಂದು. ಸುಣ್ಣ ಬೇಡವೆಂದು ತಡೆದು, ಸಹಾಯಕನನ್ನು ನಲ್ಲಿಯ ಕೆಳಗೆ ಕೂರಿಸಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದೆ. ಅವನು ನಡುಗುತ್ತಾ ಕೇಳಿದ: "ಹೊಕ್ಕಳ ಸುತ್ತ ಹದಿನಾಲ್ಕು ಸೂಜಿನಾ ಸಾರ್?" ನಾನು ಯಜಮಾನರನ್ನು ಕೇಳಿದೆ: "ನಾಯಿಗೆ ಲಸಿಕೆ ಹಾಕಿಸಿದ್ದೀರಾ?" ಅವರು ಕಕ್ಕಾಬಿಕ್ಕಿಯಾಗಿ ಹೇಳಿದರು: "ನಾಯಿಗೂ ಸೂಜಿ ಹಾಕಿಸ್ತಾರಾ?"

ಫಲಕ, ಅಭಯ, ಭಯ, ಬೆರಗು. ಇವು ನಾಲ್ಕಕ್ಕೂ ಒಂದೊಂದು ಇತಿಹಾಸವಿದೆ. ನಾಯಿ ಸಾಕಿದವರ ಹೊಣೆಯನ್ನು ಕುರಿತ ಚರ್ಚೆಗೆ ಪೂರಕವಾಗಿ ಆ ಇತಿಹಾಸವನ್ನು ಇಲ್ಲಿ ನೆನೆಯೋಣ.

ಆತಕೂರಿನ ಕಾಳಿ

ಕನ್ನಡ ನಾಡಿನಲ್ಲಿ ನಾಯಿ ಮತ್ತು ಯಜಮಾನನ ಸಂಬಂಧಕ್ಕೆ ಕಲ್ಲಿನಲ್ಲೇ ಸಾಕ್ಷಿಯಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 949–50ರದು. ಇಂದು ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲವದು. ಆ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನ ಕಡೆ ಹೋರಾಡಿದ ಮಣಲೇರನ ಶೌರ್ಯಕ್ಕೆ ಬೂತುಗ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ದೇವಾಲಯದ ಎದುರು ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು.

ಈ ಕಥೆಯನ್ನು ನಾಯಿಯ ಸ್ವಾಮಿನಿಷ್ಠೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನ್ನ ಗಮನ ಸೆಳೆದದ್ದು ಶಾಸನದ ಕೊನೆಯ ಮಾತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎನ್ನುತ್ತದೆ ಶಾಸನ. ಇದು ಕಾನೂನಲ್ಲ, ಶಾಪಾಶಯ. ಆದರೂ ಇದರ ಹಿಂದಿನ ಭಾವನೆ ಸ್ಪಷ್ಟ. ನಾಯಿ ತನ್ನ ಪಾಪದ ಲೆಕ್ಕವನ್ನು ತಾನೇ ಒಪ್ಪಿಸಲಾರದು. ಅದು ಒಬ್ಬ ಮನುಷ್ಯನ ಹೆಸರಿಗೆ ಬಂದೇ ಬರುತ್ತದೆ. ಕಾಳಿಯ ಕೀರ್ತಿಯಲ್ಲಿ ಮಣಲೇರನಿಗೆ ಪಾಲು ಸಿಕ್ಕಿತು. ಕೀರ್ತಿಯಲ್ಲಿ ಪಾಲು ಬೇಡುವವರು ಅಪರಾಧದಲ್ಲಿ ಪಾಲು ಬೇಡವೆನ್ನಲು ಬರುತ್ತದೆಯೇ?

ಕಲ್ಯಾಣದಲ್ಲಿ ಬರೆದ ನ್ಯಾಯ

ಈ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರವಿದೆ. ಅದೂ ನಮ್ಮ ನೆಲದಲ್ಲೇ ವ್ಯಾಖ್ಯಾನಗೊಂಡ ಗ್ರಂಥದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ 'ಯಾಜ್ಞವಲ್ಕ್ಯ ಸ್ಮೃತಿ'ಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಕ್ಕಿನ ವ್ಯಾಜ್ಯಗಳಲ್ಲಿ ಇಂದಿಗೂ ಕೇಳಿಬರುವ ಹೆಸರದು. ಅದೇ ಸ್ಮೃತಿಯಲ್ಲಿ ಪ್ರಾಣಿಗಳಿಂದಾಗುವ ಅಪಾಯದ ಬಗ್ಗೆಯೂ ವಿಧಿಗಳಿವೆ.

ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. 'ದೂರ ಸರಿ' ಎಂದು ಕೂಗಿ ಎಚ್ಚರಿಸಿದವನಿಗೆ ಅವನ ನಾಲ್ಕು ಕಾಲಿನ ಪ್ರಾಣಿಯಿಂದಾದ ದೋಷ ತಟ್ಟುವುದಿಲ್ಲ ಎನ್ನುವುದು ಒಂದು. ಕೋರೆಹಲ್ಲಿನ ಅಥವಾ ಕೊಂಬಿನ ಪ್ರಾಣಿ ಯಾರ ಮೇಲಾದರೂ ಬಿದ್ದಾಗ, ಬಿಡಿಸುವ ಶಕ್ತಿಯಿದ್ದೂ ಒಡೆಯ ಬಿಡಿಸದೆ ನಿಂತರೆ ಅವನಿಗೆ ದಂಡ ಎನ್ನುವುದು ಇನ್ನೊಂದು. ಸಿಕ್ಕಿಬಿದ್ದವನು ಕಾಪಾಡಿ ಎಂದು ಕೂಗಿಕೊಂಡಿದ್ದರೆ ದಂಡ ಇಮ್ಮಡಿ.

ನಮ್ಮ ಗೇಟಿನ ಫಲಕ ಮೊದಲನೆಯ ವಿಧಿಯ ಇಂದಿನ ರೂಪ. 'ಎಚ್ಚರಿಕೆ' ಎಂದು ಬರೆದು ತೂಗುಹಾಕಿದರೆ ನಮ್ಮ ಕೆಲಸ ಮುಗಿಯಿತು, ಇನ್ನು ಬಂದವರ ಹಣೆಬರಹ ಎಂದುಕೊಳ್ಳುತ್ತೇವೆ. ಎರಡನೆಯ ವಿಧಿಯನ್ನು ಮರೆತಿದ್ದೇವೆ. ಕೂಗಿ ಹೇಳುವವನು ಎದುರಿಗಿರುವವರನ್ನು ನೋಡಿ ಹೇಳುತ್ತಾನೆ. ತಗಡಿನ ಫಲಕಕ್ಕೆ ಕಣ್ಣಿಲ್ಲ. ಓದಲು ಬಾರದ ಮಗುವಿಗೆ, ಕತ್ತಲಲ್ಲಿ ಹಾಲು ತರುವವನಿಗೆ, ಕಣ್ಣು ಮಂಜಾದ ಅಜ್ಜಿಗೆ ಅದು ಏನನ್ನೂ ಹೇಳಲಾರದು.

ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆ (1860) ತನ್ನ 289ನೇ ಕಲಮಿನಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತು. ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗಬಹುದೆಂದಿದ್ದಾಗ, ಗೊತ್ತಿದ್ದೂ ಅಥವಾ ಅಲಕ್ಷ್ಯದಿಂದ ಬಂದೋಬಸ್ತು ಮಾಡದವನಿಗೆ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದಿನ ಸಾವಿರ ರೂಪಾಯಿ ಒಂದು ಸಂಸಾರವನ್ನೇ ಅಲ್ಲಾಡಿಸುವ ಮೊತ್ತ. ಒಂದೂವರೆ ಶತಮಾನ ಅದು ಬದಲಾಗದೆ ಉಳಿದು, ಬರಬರುತ್ತಾ ಬೆದರುಬೊಂಬೆಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಅದನ್ನು ಐದು ಸಾವಿರಕ್ಕೆ ಏರಿಸಿದೆ.

ಈ ಕಲಮಿನಲ್ಲಿರುವುದು 'ಸ್ವಾಧೀನ' ಎಂಬ ಮಾತು ಎನ್ನುವುದನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ಮೂರು ಮನೆಯ ಅನ್ನ ತಿಂದು ನಾಲ್ಕನೆಯ ಮನೆಯ ಜಗಲಿಯಲ್ಲಿ ಮಲಗುವ ನಾಯಿಗಳಿವೆ. ಕಳ್ಳನನ್ನು ಓಡಿಸಿದ ದಿನ ಅದು ಎಲ್ಲರ ನಾಯಿ. ದಾರಿಹೋಕನನ್ನು ಕಚ್ಚಿದ ದಿನ ಬೀದಿ ನಾಯಿ.

ಕೂನೂರಿಗೆ ಹೋಗಬೇಕಿದ್ದ ಕಾಲ

ಇನ್ನು ನಮ್ಮ ಸಹಾಯಕನ ಭಯದ ಮಾತು. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಲಸಿಕೆ ಕೊಡಿಸಿ ಉಳಿಸಿದ್ದು ಲೋಕಕ್ಕೇ ಗೊತ್ತಿರುವ ಸಂಗತಿ. ಆದರೆ ಆ ಲಸಿಕೆ ನಮ್ಮ ಜನರ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಹಿಮಾಲಯದ ಕಸೌಲಿಯಲ್ಲಿ 1900ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ದಕ್ಷಿಣದಲ್ಲಿ 1902ರಲ್ಲಿ ಒಬ್ಬ ಇಂಗ್ಲಿಷ್ ಯುವತಿ ಈ ರೋಗದಿಂದ ಸತ್ತ ಮೇಲೆ ಇಲ್ಲಿಗೂ ಒಂದು ಸಂಸ್ಥೆ ಬೇಕೆಂಬ ಕೂಗೆದ್ದಿತು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅದು ಬಾಗಿಲು ತೆರೆಯಿತು.

ಚಿತ್ರದುರ್ಗದ ಕಡೆಯ ರೈತನೊಬ್ಬನಿಗೆ ಆ ದಿನಗಳಲ್ಲಿ ಹುಚ್ಚುನಾಯಿ ಕಚ್ಚಿತೆನ್ನಿ. ಅವನು ದಕ್ಷಿಣಕ್ಕೆ ರೈಲು ಹತ್ತಿ, ಅಲ್ಲಲ್ಲಿ ಇಳಿದು ಹತ್ತಿ, ಕೊನೆಗೆ ಮೆಟ್ಟುಪಾಳ್ಯದಿಂದ ಬೆಟ್ಟದ ರೈಲಿನಲ್ಲಿ ಕೂನೂರು ಸೇರಬೇಕು. ಗೊತ್ತಿಲ್ಲದ ಊರು, ತಿಳಿಯದ ಭಾಷೆ, ದಿನಗಟ್ಟಲೆ ಅಲ್ಲೇ ವಾಸ. ಇತ್ತ ವೈರಾಣು ಗಾಯದಿಂದ ನರಗಳ ಗುಂಟ ಮಿದುಳಿನ ಕಡೆಗೆ ನಿಧಾನವಾಗಿ ಸಾಗುತ್ತಿರುತ್ತದೆ. ಅದು ಮಿದುಳನ್ನು ಮುಟ್ಟುವುದರೊಳಗೆ ಲಸಿಕೆ ಮೈಯಲ್ಲಿ ಕೆಲಸ ಮಾಡಬೇಕು. ಒಮ್ಮೆ ರೋಗಲಕ್ಷಣ ಕಾಣಿಸಿಕೊಂಡರೆ ಬದುಕುವುದು ಅಂದಿಗೂ ಇಲ್ಲ, ಇಂದಿಗೂ ಇಲ್ಲವೆನ್ನುವಷ್ಟು ಅಪರೂಪ.

1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ತಯಾರಿಸಿದ ಲಸಿಕೆ ಈ ಕಷ್ಟವನ್ನು ಕಡಿಮೆ ಮಾಡಿತು. ಸೋಂಕು ತಗುಲಿಸಿದ ಪ್ರಾಣಿಯ ಮಿದುಳಿನ ಅಂಗಾಂಶದಲ್ಲಿದ್ದ ವೈರಾಣುವನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಮಾಡಿದ್ದರಿಂದ ಅದನ್ನು ಬೇರೆ ಊರುಗಳಿಗೆ ಕಳುಹಿಸಬಹುದಾಗಿತ್ತು. ಮುಂದೆ ಕುರಿಯ ಮಿದುಳಿನಿಂದ ತಯಾರಾಗಿ ಅದು ಜಿಲ್ಲೆಯ ಆಸ್ಪತ್ರೆಗಳಿಗೂ ಬಂತು. ಹೊಟ್ಟೆಗೆ ಹದಿನಾಲ್ಕು ದಿನ ಚುಚ್ಚುವುದು ಇದನ್ನೇ. ನರದ ಅಂಗಾಂಶವಿದ್ದುದರಿಂದ ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಯೂ ಆಗುತ್ತಿತ್ತು. ಭಾರತದಲ್ಲಿ ಇದರ ತಯಾರಿಕೆ ನಿಂತದ್ದು 2004ರ ಕೊನೆಯಲ್ಲಿ. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚುವ ಸುರಕ್ಷಿತ ಲಸಿಕೆ ಇದೆ. ರಕ್ತ ಬಂದ ಗಾಯಕ್ಕೆ ಜೊತೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಹಳೆಯ ಲಸಿಕೆ ಹೋದರೂ ಅದರ ಭಯ ಹೋಗಿಲ್ಲ. ಆ ಭಯದಿಂದಲೇ ಆಸ್ಪತ್ರೆಗೆ ಹೋಗದೆ ಮಂತ್ರ, ನಾಟಿ ಮದ್ದು ಎಂದು ದಿನ ಕಳೆಯುವವರು ಇದ್ದಾರೆ. ರೇಬಿಸ್‌ನಿಂದ ವರ್ಷಕ್ಕೆ ಸುಮಾರು 20,000 ಸಾವು ಎಂದು 2003ರ ರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿತ್ತು. 2022–23ರ ಸಮೀಕ್ಷೆಯ ಅಂದಾಜು ಸುಮಾರು 5,700. ಇಳಿಕೆ ಸಮಾಧಾನಕರ, ಉಳಿದದ್ದು ನಾಚಿಕೆಗೇಡು. ಯಾಕೆಂದರೆ ಈ ಸಾವುಗಳನ್ನು ತಡೆಯಬಹುದು.

ಬಾಯಿಬುಟ್ಟಿಯ ಪಾಠ

ಮೇಲಿನದೆಲ್ಲ ಕಚ್ಚಿಸಿಕೊಂಡವರ ಕಡೆಯ ಇತಿಹಾಸ. ಸಾಕಿದವರ ಕಡೆಯಿಂದ ನೋಡಬೇಕಾದರೆ ಒಮ್ಮೆ ಇಂಗ್ಲೆಂಡಿಗೆ ಹೋಗಬೇಕು. 1897ರಿಂದ ಅಲ್ಲಿನ ಕೃಷಿ ಮಂಡಳಿಯ ಅಧ್ಯಕ್ಷ ವಾಲ್ಟರ್ ಲಾಂಗ್, ರೋಗವಿರುವ ಪ್ರದೇಶಗಳಲ್ಲಿ ನಾಯಿಯ ಬಾಯಿಗೆ ಬುಟ್ಟಿ ಕಟ್ಟದೆ ಹೊರಗೆ ಬಿಡಬಾರದೆಂದು ಕಟ್ಟಪ್ಪಣೆ ಮಾಡಿದ. ಹೊರದೇಶದಿಂದ ಬರುವ ನಾಯಿಗಳನ್ನು ಪ್ರತ್ಯೇಕವಾಗಿಡುವ ನಿಯಮವೂ ಬಂತು. ಇದು ಕ್ರೌರ್ಯವೆಂದು ನಾಯಿಪ್ರಿಯರು ಗಲಾಟೆ ಮಾಡಿದರು. ಆತ ಜಗ್ಗಲಿಲ್ಲ. 1902ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೇಬಿಸ್ ಇಲ್ಲವಾಯಿತು. ಮೊದಲ ಮಹಾಯುದ್ಧದ ಕೊನೆಗೆ ಮತ್ತೆ ನುಸುಳಿದಾಗಲೂ 1922ರೊಳಗೆ ಅದನ್ನು ಹೊರಹಾಕಿದರು. ನಾಯಿಗಳಿಗೆ ಲಸಿಕೆ ಹಾಕುವ ಪದ್ಧತಿ ಬೆಳೆಯುವ ಮೊದಲೇ, ಬಹುಮಟ್ಟಿಗೆ ಸಾಕಿದವರ ಮೇಲೆ ಹೊರಿಸಿದ ಹೊಣೆಯಿಂದಲೇ ಆದ ಕೆಲಸವಿದು. ಬೀದಿ ನಾಯಿಗಳೇ ಹೆಚ್ಚಾಗಿರುವ ನಮ್ಮಲ್ಲಿ ಅದನ್ನೇ ನಕಲು ಮಾಡಲಾಗದು. ಆದರೆ ಮನೆಯ ನಾಯಿಯ ಮಟ್ಟಿಗೆ ಪಾಠ ಅನ್ವಯವಾಗುತ್ತದೆ.

ಚಿಕ್ಕಜಾಜೂರಿನಂಥ ಜಂಕ್ಷನ್ನಿನಲ್ಲೂ ಇದೇ ಪಾಠವಿದೆ. ಕೊರಳಪಟ್ಟಿ, ಸರಪಣಿ ಇಲ್ಲದ ನಾಯಿಯನ್ನು ರೈಲ್ವೆ ಒಪ್ಪಿಕೊಳ್ಳುವುದಿಲ್ಲ. ಪ್ರಥಮ ದರ್ಜೆಯಲ್ಲಿ ನಾಯಿಯನ್ನು ಜೊತೆಗೆ ಒಯ್ಯಬೇಕಾದರೆ ಸಹಪ್ರಯಾಣಿಕರ ಒಪ್ಪಿಗೆ ಬೇಕು. ಅವರು ಬೇಡವೆಂದರೆ ಅದು ಗಾರ್ಡಿನ ಡಬ್ಬಿಗೆ. ನಾಯಿ ಸಾಧುವೋ ಅಲ್ಲವೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅಪರಿಚಿತನ ಒಪ್ಪಿಗೆಯಿದೆಯೇ ಎನ್ನುವುದಷ್ಟೇ ಪ್ರಶ್ನೆ. ರೈಲಿನಿಂದ ಇಳಿದ ಮೇಲೆ ಊರಿನ ರಸ್ತೆಯಲ್ಲಿ ಈ ಸೌಜನ್ಯವನ್ನು ನಾವೇಕೆ ಮರೆಯುತ್ತೇವೆ?

ತಳಿಯನ್ನು ನಿಷೇಧಿಸಿದರೆ ಸಾಕೆಂಬ ವಾದವೂ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ವಿರುದ್ಧ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲವೆಂಬುದೂ ಸೇರಿದಂತೆ ಹಲವು ಕಾರಣಗಳಿಂದ ಕರ್ನಾಟಕ ಹೈಕೋರ್ಟ್ ಅದನ್ನು ಏಪ್ರಿಲ್‌ನಲ್ಲಿ ರದ್ದುಪಡಿಸಿತು. ನಮ್ಮ ಸಹಾಯಕನನ್ನು ಕಚ್ಚಿದ್ದು ಯಾವ ಪಟ್ಟಿಯಲ್ಲೂ ಇಲ್ಲದ ನಾಟಿ ನಾಯಿ. ಮರಿಗೆ ಮೂರು ವಾರದಿಂದ ಮೂರು ತಿಂಗಳವರೆಗಿನ ಅವಧಿ ಬಹಳ ಮುಖ್ಯವೆಂದು ಪ್ರಾಣಿವರ್ತನೆಯನ್ನು ಅಭ್ಯಾಸ ಮಾಡಿದವರು ತೋರಿಸಿಕೊಟ್ಟಿದ್ದಾರೆ. ಆಗ ಹೊಸಬರನ್ನು ನೋಡದೆ ಬೆಳೆದ ಮರಿ ದೊಡ್ಡದಾದ ಮೇಲೆ ಹೊಸಬರಿಗೆ ಹೆದರುತ್ತದೆ. ಹೆದರಿದ್ದು ಕಚ್ಚುತ್ತದೆ. ಚುರುಕಾಗಲಿ ಎಂದು ಮರಿಯನ್ನು ಹಗಲೆಲ್ಲ ಕತ್ತಲಲ್ಲಿ ಕಟ್ಟಿಹಾಕುವ ನಮ್ಮ ಹಳೆಯ ಪದ್ಧತಿ ತಯಾರಿಸುವುದು ಕಾವಲುಗಾರನನ್ನಲ್ಲ, ಅಂಜುಬುರುಕನನ್ನು.

ಹತ್ತು ದಿನದ ಫೋನು

ಅಂದು ಸಂಜೆಯೇ ಸಹಾಯಕನಿಗೆ ಚಿಕಿತ್ಸೆ ಶುರುವಾಯಿತು. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕೆಂಬ ನಿಯಮವಿದೆ. ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಾಣು ಇದ್ದಿದ್ದರೆ ಅಷ್ಟರೊಳಗೆ ಅದಕ್ಕೇ ರೋಗ ಕಾಣಿಸಿಕೊಂಡು ಸಾಯುತ್ತದೆ. ಆದರೆ ಅಲ್ಲಿಯವರೆಗೆ ಲಸಿಕೆಯನ್ನು ತಡಮಾಡುವಂತಿಲ್ಲ. ಇದನ್ನು ತೋಟದ ಯಜಮಾನರಿಗೆ ಬಿಡಿಸಿ ಹೇಳಿ, ನನ್ನ ಫೋನ್ ನಂಬರು ಕೊಟ್ಟು ಬಂದೆ. ಅವರು ಫೋನ್ ಮಾಡುತ್ತಾರೆಂಬ ನಂಬಿಕೆಯೇನೂ ನನಗಿರಲಿಲ್ಲ.

ಮರುದಿನ ಸಂಜೆ ಏಳಕ್ಕೆ ಫೋನು ಬಂತು. "ನಾಯಿ ಚೆನ್ನಾಗೈತೆ ಸಾರ್. ಅನ್ನ ಉಂಡೈತೆ, ನೀರು ಕುಡಿದೈತೆ. ಹುಡುಗ ಹೆಂಗದಾನೆ?" ಅದರ ಮರುದಿನವೂ ಬಂತು. ಹತ್ತು ದಿನ ಒಂದು ಸಂಜೆಯೂ ತಪ್ಪಲಿಲ್ಲ. ಹತ್ತನೆಯ ದಿನ ಅವರು ಇನ್ನೊಂದು ಮಾತು ಸೇರಿಸಿದರು: "ನಾಯಿಗೂ ಸೂಜಿ ಹಾಕಿಸಿದೆ ಸಾರ್. ಸರಪಣಿ ತಂದೀನಿ. ಇನ್ಮೇಲೆ ಯಾರಾದ್ರೂ ಬಂದ್ರೆ ಮೊದ್ಲು ಕಟ್ತೀನಿ, ಆಮೇಲೆ ಬರ್ರಿ ಅಂತೀನಿ."