ಹ್ಯಾಂಕ್ ಪಿಮ್‌ನ ಅಪರಾಧ: ಕಾಮಿಕ್ಸ್ ಪುಟದಿಂದ ಬೆಳ್ಳಿತೆರೆಯವರೆಗೆ

ಅಮೆರಿಕದ ಮಾರ್ವೆಲ್ ಸಂಸ್ಥೆಯ ‘ಅವೆಂಜರ್ಸ್’ ಕಾಮಿಕ್ಸ್‌ನ 213ನೆಯ ಸಂಚಿಕೆ 1981ರಲ್ಲಿ ಹೊರಬಂದಿತು. ಅದರಲ್ಲಿ ಹ್ಯಾಂಕ್ ಪಿಮ್ ಎಂಬ ವಿಜ್ಞಾನಿ ನಾಯಕ ತನ್ನ ಹೆಂಡತಿ ಜಾನೆಟ್ ವ್ಯಾನ್ ಡೈನ್‌ಳನ್ನು ಹೊಡೆಯುತ್ತಾನೆ. ಇಬ್ಬರೂ 1963ರಲ್ಲಿ ಆರಂಭವಾದ ಅವೆಂಜರ್ಸ್ ತಂಡದ ಸ್ಥಾಪಕ ಸದಸ್ಯರು. ಏಟಿಗೆ ಮೊದಲೇ ಶಿಸ್ತಿನ ವಿಚಾರಣೆಗೆ ಗುರಿಯಾಗಿದ್ದ ಪಿಮ್, ಕಳೆದುಕೊಂಡ ಗೌರವವನ್ನು ಮರಳಿ ಗಳಿಸಲು ಒಂದು ಯಂತ್ರಮಾನವನನ್ನು ನಿರ್ಮಿಸುತ್ತಾನೆ. ಅದು ಗೆಳೆಯರ ಮೇಲೆ ಎರಗಬೇಕು, ತಾನೇ ಅವರನ್ನು ಕಾಪಾಡಬೇಕು ಎಂಬುದು ಅವನ ಹಂಚಿಕೆ. ಜಾನೆಟ್ ಅದನ್ನು ತಡೆಯಲು ಹೋದಾಗ ಏಟು ಬೀಳುತ್ತದೆ. ಆಕಸ್ಮಿಕವಾಗಿ ಕೈ ತಗಲಿದಂತೆ ಇರಬೇಕಿದ್ದ ದೃಶ್ಯವನ್ನು ಚಿತ್ರಕಾರ ಬಾಬ್ ಹಾಲ್ ಬಲವಾದ ಹೊಡೆತವಾಗಿ ಚಿತ್ರಿಸಿದರೆಂದು ಕಥೆಗಾರ ಜಿಮ್ ಶೂಟರ್ ಮುಂದೆ ಹೇಳಿದರು. ಓದುಗರ ನೆನಪಿನಲ್ಲಿ ಉಳಿದದ್ದು ಆ ಚಿತ್ರವೇ.

ಇಂಥ ಕಥೆಗೆ ಅವಕಾಶ ಸಿಕ್ಕಿದ್ದು ನಿಧಾನವಾಗಿ. 1954ರಲ್ಲಿ ಪ್ರಕಾಶಕರೇ ರೂಪಿಸಿಕೊಂಡ ಕಾಮಿಕ್ಸ್ ಸಂಹಿತೆ ಕಥೆಗಳ ನೈತಿಕ ಎಲ್ಲೆಯನ್ನು ಬಿಗಿಗೊಳಿಸಿತ್ತು. 1971ರಲ್ಲಿ ಅದು ಸಡಿಲವಾಯಿತು. 1979ರಲ್ಲಿ ಐರನ್ ಮ್ಯಾನ್‌ನ ಕುಡಿತದ ಚಟ ಒಂದು ಕಥಾಸರಣಿಯ ಕೇಂದ್ರವಾಯಿತು.

ಪಿಮ್‌ನ ಕಥೆಯ ನಿಜವಾದ ಬೆಲೆ ಇರುವುದು ಏಟಿನ ನಂತರದ ಬೆಳವಣಿಗೆಯಲ್ಲಿ. ಅವನ ಯಂತ್ರವನ್ನು ಕೊನೆಗೆ ನಿಲ್ಲಿಸುವವಳು ಜಾನೆಟ್. ತಂಡ ಅವನನ್ನು ಹೊರಹಾಕುತ್ತದೆ, ಅವಳು ವಿಚ್ಛೇದನ ಪಡೆಯುತ್ತಾಳೆ. 1982ರಲ್ಲಿ ಅವೆಂಜರ್ಸ್‌ನ ಅಧ್ಯಕ್ಷೆಯಾಗುತ್ತಾಳೆ. ಅದುವರೆಗೆ ಹಗುರ ಮಾತಿನ, ಉಡುಪಿನ ಮೋಹದ ಹುಡುಗಿಯಾಗಿ ಕಾಣಿಸಿಕೊಂಡಿದ್ದ ಪಾತ್ರ ಅಲ್ಲಿಂದ ನಾಯಕಿಯಾಗಿ ಬೆಳೆಯಿತು. ಪಿಮ್‌ನ ಪಶ್ಚಾತ್ತಾಪವೂ ವರ್ಷಗಟ್ಟಲೆ ನಡೆಯಿತು. 1987ರ ಹೊತ್ತಿಗೆ ಅವನು ಆತ್ಮಹತ್ಯೆಯ ಅಂಚಿಗೂ ಹೋಗಿ ಬಂದ.

2002ರ ‘ದಿ ಅಲ್ಟಿಮೇಟ್ಸ್’ ಸರಣಿ ಇದೇ ಅಪರಾಧವನ್ನು ಇನ್ನಷ್ಟು ಕ್ರೂರವಾಗಿ ಮರುಸೃಷ್ಟಿಸಿತು. ಅಲ್ಲಿ ಪಿಮ್ ತನ್ನ ಹಿಡಿತದಲ್ಲಿರುವ ಇರುವೆಗಳನ್ನು ಹೆಂಡತಿಯ ಮೇಲೆ ಬಿಡುತ್ತಾನೆ, ಅವಳು ಆಸ್ಪತ್ರೆ ಸೇರುತ್ತಾಳೆ, ಕ್ಯಾಪ್ಟನ್ ಅಮೆರಿಕ ಪಿಮ್‌ನನ್ನು ಹುಡುಕಿ ಬಡಿಯುತ್ತಾನೆ. ಹಿಂಸೆ ಹಿಗ್ಗಿದಷ್ಟೂ ಜಾನೆಟ್‌ಳ ದನಿ ಕುಗ್ಗಿತು. ನಾಯಕನ ದುಷ್ಟತನವನ್ನು ತೋರಿಸಿದ ಮಾತ್ರಕ್ಕೆ ಕಥೆ ಪ್ರಬುದ್ಧವಾಗುವುದಿಲ್ಲ ಎಂಬುದಕ್ಕೆ ಈ ಸರಣಿಯೇ ಸಾಕ್ಷಿ.

ಸಿನಿಮಾ ಇನ್ನೊಂದು ದಾರಿ ಹಿಡಿಯಿತು. 2015ರ ‘ಆಂಟ್-ಮ್ಯಾನ್’ ಚಿತ್ರದಲ್ಲಿ ಪಿಮ್, ಮೈಕಲ್ ಡಗ್ಲಸ್ ನಟಿಸಿದ ಹಿರಿಯ ಗುರು. ನಾಯಕ ಆಂಟ್-ಮ್ಯಾನ್‌ನ ಪಟ್ಟ ಸ್ಕಾಟ್ ಲ್ಯಾಂಗ್ ಎಂಬ ಬೇರೊಬ್ಬನದು. ಕಾಮಿಕ್ಸ್‌ನಲ್ಲಿ ಪಿಮ್ ಸೃಷ್ಟಿಸಿದ್ದ ವಿನಾಶಕಾರಿ ಯಂತ್ರ ಅಲ್ಟ್ರಾನ್‌ನ ಹೊಣೆಯನ್ನು ಅದೇ ವರ್ಷ ಇನ್ನೊಂದು ಚಿತ್ರ ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಮತ್ತು ವಿಜ್ಞಾನಿ ಬ್ರೂಸ್ ಬ್ಯಾನರ್‌ರ ಹೆಗಲಿಗೆ ವರ್ಗಾಯಿಸಿತು. ಪತ್ನಿಗೆ ಬಿದ್ದ ಏಟಿನ ಸುದ್ದಿಯೇ ಇಲ್ಲ. ಜಾನೆಟ್ ಕ್ಷಿಪಣಿಯನ್ನು ತಡೆಯುವಾಗ ಕಣ್ಮರೆಯಾದ ವೀರ ತಾಯಿ. ಪಿಮ್ ಅವಳಿಗಾಗಿ ಕೊರಗುವ ಗಂಡ.

ಮಕ್ಕಳೂ ನೋಡುವ ಹಗುರ ಸಾಹಸಚಿತ್ರದಲ್ಲಿ ಕೌಟುಂಬಿಕ ಹಿಂಸೆಯನ್ನು ಅವಸರದಲ್ಲಿ ತುರುಕಿ, ಕೊನೆಯ ಹೋರಾಟದ ಹೊತ್ತಿಗೆ ಕ್ಷಮಿಸಿಬಿಡುವುದಕ್ಕಿಂತ ಬಿಟ್ಟದ್ದೇ ವಾಸಿ ಎಂಬ ವಾದದಲ್ಲಿ ತೂಕವಿದೆ. ಆದರೆ ಅಪರಾಧವನ್ನು ಅಳಿಸಿದಾಗ ಲಾಭವಾದದ್ದು ಪಿಮ್‌ಗೆ, ನಷ್ಟ ಜಾನೆಟ್‌ಗೆ. ಗಂಡನನ್ನು ತೊರೆದು, ತಂಡವನ್ನು ಮುನ್ನಡೆಸಿದ ಜಾನೆಟ್ 2018ರ ‘ಆಂಟ್-ಮ್ಯಾನ್ ಅಂಡ್ ದಿ ವಾಸ್ಪ್’ ಚಿತ್ರದಲ್ಲೂ ಕಾಣಿಸಲಿಲ್ಲ. ಅಲ್ಲಿ ಮಿಷೆಲ್ ಫೈಫರ್ ನಟಿಸಿದ ಜಾನೆಟ್, ಗಂಡ ಮತ್ತು ಮಗಳು ರಕ್ಷಿಸಬೇಕಾದ ವ್ಯಕ್ತಿ.