ಗಾಳದ ಗಂಟುಗಳು: ಕಟ್ಟುವ ಕ್ರಮ ಮತ್ತು ಪರೀಕ್ಷೆ

ಗಾಳ ಹಾಕಿ ಮೀನು ಹಿಡಿಯುವವರು ಕೋಲು, ರೀಲು, ಕೊಕ್ಕೆಗಳ ಆಯ್ಕೆಗೆ ನೀಡುವ ಗಮನವನ್ನು ಗಂಟಿಗೆ ನೀಡುವುದು ವಿರಳ. ಆದರೆ ದಾರವು ಸಾಮಾನ್ಯವಾಗಿ ತುಂಡಾಗುವುದು ಗಂಟಿನ ಬಳಿಯಲ್ಲಿಯೇ. ಆಗ ಹಿಡಿಯುವವನಿಗೆ ಒಂದು ಮೀನು ತಪ್ಪುತ್ತದೆ. ಮೀನಾದರೋ ಬಾಯಲ್ಲಿ ಕೊಕ್ಕೆಯನ್ನು, ಕೆಲವೊಮ್ಮೆ ಉದ್ದನೆಯ ದಾರವನ್ನೂ ಹೊತ್ತು ಹೋಗುತ್ತದೆ. ಆ ದಾರವು ಬಂಡೆಗೋ ಬೇರಿಗೋ ಸಿಲುಕಿದರೆ ಮೀನಿನ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಭದ್ರವಾದ ಗಂಟು ಕೌಶಲದ ಮಾತಷ್ಟೇ ಅಲ್ಲ, ಹೊಣೆಗಾರಿಕೆಯ ಮಾತೂ ಹೌದೆಂದು ನಾವು ಭಾವಿಸುತ್ತೇವೆ.

ಗಂಟು ನಿಲ್ಲುವುದು ಘರ್ಷಣೆಯ ಬಲದಿಂದ. ಹತ್ತಿ, ರೇಷ್ಮೆಯ ಹಳೆಯ ದಾರಗಳು ಒರಟಾಗಿದ್ದುದರಿಂದ ಸರಳವಾದ ಗಂಟೂ ಸಾಕಾಗುತ್ತಿತ್ತು. 1938ರಲ್ಲಿ ಜಗತ್ತಿಗೆ ಪರಿಚಯವಾದ ನೈಲಾನ್ ನುಣುಪಾದುದು; ಅದರ ಒಂಟಿ ಎಳೆಯ ದಾರಕ್ಕೆ ಹಲವು ಸುತ್ತುಗಳು ಒಂದನ್ನೊಂದು ಒತ್ತಿ ಹಿಡಿಯುವ ಗಂಟುಗಳೇ ಬೇಕು. ಮನೆಯಲ್ಲಿ ಹಾಕುವ ಒಂಟಿ ಗಂಟು ಇಂತಹ ದಾರದ ಬಲವನ್ನು ಅರ್ಧದಷ್ಟಕ್ಕೆ ಇಳಿಸಬಲ್ಲದು. 1944ರಲ್ಲಿ ಪ್ರಕಟವಾದ ಕ್ಲಿಫರ್ಡ್ ಆ್ಯಶ್ಲಿಯವರ ಗಂಟುಗಳ ಬೃಹತ್ ಗ್ರಂಥದಲ್ಲಿ 3,800ಕ್ಕೂ ಮಿಕ್ಕಿದ ನಮೂದುಗಳಿವೆ. ಗಾಳ ಹಾಕುವವರಿಗೆ ಅಷ್ಟೆಲ್ಲ ಬೇಕಿಲ್ಲ. ಮೂರನ್ನು ಚೆನ್ನಾಗಿ ಕಲಿತರೆ ಸಾಕು.

ಮುಂದಿನ ವಿವರಣೆಯಲ್ಲಿ 'ತುದಿ' ಎಂದರೆ ಗಂಟು ಹಾಕುವ ಕೊನೆ. 'ಮುಖ್ಯ ದಾರ' ಎಂದರೆ ರೀಲಿನಿಂದ ಬರುವ ಭಾಗ.

1. ಸುಧಾರಿತ ಕ್ಲಿಂಚ್ ಗಂಟು: ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಮುಖ್ಯ ದಾರದ ಸುತ್ತ 5 ಅಥವಾ 6 ಬಾರಿ ಸುತ್ತಬೇಕು. ಬಳಿಕ ತುದಿಯನ್ನು ಹಿಂದಕ್ಕೆ ತಂದು ಕಣ್ಣಿನ ಪಕ್ಕದ ಚಿಕ್ಕ ಕುಣಿಕೆಯೊಳಗೂ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ದಾಟಿಸಿ ಬಿಗಿಯಬೇಕು. ತೆಳುವಾದ ನೈಲಾನ್ ದಾರಕ್ಕೆ ಇದು ಸೂಕ್ತ.

2. ಪಾಲೊಮಾರ್ ಗಂಟು: ದಾರವನ್ನು ಸುಮಾರು ಒಂದು ಗೇಣಿನಷ್ಟು ಮಡಚಿ, ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಬೇಕು. ಜೋಡಿ ದಾರದಿಂದ ಒಂದು ಸಡಿಲ ಗಂಟು ಹಾಕಿ, ಮಡಿಕೆಯ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನು ದಾಟಿಸಿ, ತುದಿ ಮತ್ತು ಮುಖ್ಯ ದಾರ ಎರಡನ್ನೂ ಒಟ್ಟಿಗೆ ಎಳೆಯಬೇಕು. ಹೆಣೆದ ದಾರಕ್ಕೂ ಇದು ಭದ್ರವಾಗಿ ಕೂರುತ್ತದೆ.

3. ಜೋಡಿ ಯೂನಿ ಗಂಟು: ಎರಡು ದಾರಗಳನ್ನು ಸೇರಿಸಲು ಇದು ಉಪಯುಕ್ತ. ಅವುಗಳ ತುದಿಗಳು ಎದುರುಬದುರಾಗಿ ಒಂದರ ಮೇಲೊಂದು ಹಾಯುವಂತೆ ಇಡಬೇಕು. ಒಂದರ ತುದಿಯನ್ನು ಹಿಂದಕ್ಕೆ ಮಡಚಿ ಕುಣಿಕೆ ಮಾಡಿ, ಎರಡೂ ದಾರಗಳನ್ನು ಒಳಗೊಂಡಂತೆ ಕುಣಿಕೆಯೊಳಗಿಂದ 5 ಬಾರಿ ಸುತ್ತಿ ಬಿಗಿಯಬೇಕು. ಇನ್ನೊಂದರ ತುದಿಗೂ ಹಾಗೆಯೇ ಮಾಡಿ, ಮುಖ್ಯ ದಾರಗಳೆರಡನ್ನೂ ಎಳೆದಾಗ ಗಂಟುಗಳು ಸರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಮೂರಕ್ಕೂ ಅನ್ವಯಿಸುವ ನಿಯಮಗಳು ಕೆಲವಿವೆ. ಒಣ ದಾರವನ್ನು ರಭಸದಿಂದ ಬಿಗಿದರೆ ಘರ್ಷಣೆಯ ಬಿಸಿಯಿಂದ ನೈಲಾನ್ ದುರ್ಬಲಗೊಳ್ಳುತ್ತದೆ. ಆದ್ದರಿಂದ ಗಂಟನ್ನು ನೀರಿನಲ್ಲಿ ತೋಯಿಸಿ ನಿಧಾನವಾಗಿ ಎಳೆಯಬೇಕು. ಸುತ್ತುಗಳು ಒಂದರ ಮೇಲೊಂದು ಏರದೆ ಸಾಲಾಗಿ ಕೂರಬೇಕು. ಉಳಿದ ತುದಿಯನ್ನು 2-3 ಮಿಲಿಮೀಟರ್ ಬಿಟ್ಟು ಕತ್ತರಿಸಬೇಕು. ನೀರಿಗೆ ಇಳಿಸುವ ಮುನ್ನ ಕೈಯಿಂದ ಸಮನಾಗಿ ಎಳೆದು ಪರೀಕ್ಷಿಸಬೇಕು. ಜಾರಿದರೆ ಅಥವಾ ಅನುಮಾನ ಬಂದರೆ ಕತ್ತರಿಸಿ ಹೊಸದಾಗಿ ಕಟ್ಟಬೇಕು. ದೊಡ್ಡ ಮೀನೊಂದನ್ನು ಎಳೆದ ಬಳಿಕವೂ ಗಂಟನ್ನು ಬದಲಿಸುವುದು ಒಳಿತು.

ಮಕ್ಕಳಿಗೆ ಕಲಿಸುವಾಗ ದಪ್ಪ ಹಗ್ಗ ಮತ್ತು ಬೀಗದ ಕೈಯ ಬಳೆಯಿಂದ ಆರಂಭಿಸುವುದು ಲೇಸು. ಸುತ್ತುಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ, ಕೊಕ್ಕೆಯ ಅಪಾಯವೂ ಇರುವುದಿಲ್ಲ. ಕೈಗೆ ರೂಢಿಯಾದ ಮೇಲೆ ನೈಲಾನ್ ದಾರಕ್ಕೆ ಹೋಗಬಹುದು.

ನಮ್ಮ ಕಾವೇರಿಯ ಮಹಶೀರ್ ಮೀನು ದೇಶವಿದೇಶಗಳ ಗಾಳಗಾರರನ್ನು ಸೆಳೆದುದು ಅನೇಕರಿಗೆ ತಿಳಿದ ಸಂಗತಿ. ಅದೇ ನದಿಯ ಡುಬ್ಬದ ಮಹಶೀರ್ ತಳಿಯನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಎಲ್ಲಿಯೇ ಆಗಲಿ, ಗಾಳ ಹಾಕುವ ಮುನ್ನ ಸ್ಥಳೀಯ ನಿಯಮ ಹಾಗೂ ಅನುಮತಿಗಳನ್ನು ವಿಚಾರಿಸುವುದು, ಕತ್ತರಿಸಿದ ದಾರದ ತುಣುಕುಗಳನ್ನು ದಡದಲ್ಲಿ ಬಿಡದೆ ಮನೆಗೆ ತರುವುದು, ಗಂಟು ಕಲಿಯುವಷ್ಟೇ ಅಗತ್ಯವಾದ ಪಾಠಗಳು.